ಕುಬಸದ ಚೂರಿನಿಂದ ಕೌದಿ: ಎರಡನೇ ಸಲಕ್ಕೆ ಕೈಗೂಡಿದ್ದು

ದೀಪಾವಳಿ ಮುಗಿದ ಮರುವಾರ ನನ್ನ ಹೊಲಿಗೆ ಮಷೀನಿನ ಕೆಳಗೆ ಎರಡು ಚೀಲ ತುಂಬ ಚೂರು ಅರಿವಿ ಬಿದ್ದಿತ್ತು. ಬಾಗಲಕೋಟೆಯ ನವನಗರದಲ್ಲಿ ಮನೆಯಲ್ಲೇ ಕುಬಸ, ಅಂದರೆ ರವಿಕೆ, ಹೊಲಿಯುತ್ತೇನೆ. ಹಬ್ಬದ ಗಡಿಬಿಡಿಯಲ್ಲಿ ಕತ್ತರಿಸಿ ಉಳಿದದ್ದನ್ನೆಲ್ಲ ಚೀಲಕ್ಕೆ ತುರುಕಿದ್ದೆ. ತೋಳಿನ ಪಟ್ಟಿ, ಕಂಕುಳದ ಮೂಲೆ, ಎಲ್ಲಕ್ಕಿಂತ ಹೆಚ್ಚಾಗಿ ಕೊರಳು ಕತ್ತರಿಸಿದಾಗ ಬರುವ ಅರ್ಧಚಂದ್ರಗಳು. ಬೆನ್ನಿನ ಕಡೆ ಕೊರಳು ಆಳವಾಗಿರಬೇಕು ಎಂದು ಈಗ ಬಹಳ ಮಂದಿ ಕೇಳುತ್ತಾರೆ. ಹಾಗಾಗಿ ಅಂಗೈಗಿಂತ ದೊಡ್ಡ ತುಂಡೇ ಸಿಗುತ್ತದೆ. ಅದರಲ್ಲಿ ಅರ್ಧಕ್ಕರ್ಧ ಗುಳೇದಗುಡ್ಡದ ಖಣ, ಕುಬಸಕ್ಕೆಂದೇ ಚಿತ್ತಾರ ಹಾಕಿ ನೇಯುವ ಅರಿವಿ. ಒಂದರಲ್ಲಿ ಸೂಜಿಮಲ್ಲಿಗೆ, ಇನ್ನೊಂದರಲ್ಲಿ ಆನೆಹೆಜ್ಜೆ, ಮತ್ತೊಂದರಲ್ಲಿ ಇಡೀ ತೇರು. ಮಗ್ಗದ ಮುಂದೆ ಕೂತು ಎಳೆ ಎಳೆ ಎಣಿಸಿ ನೇಯ್ದದ್ದನ್ನು ಕಸದ ಗಾಡಿಗೆ ಹಾಕಲು ನನಗೆ ಇವತ್ತಿಗೂ ಕೈ ಬರುವುದಿಲ್ಲ.

ಮಗಳು ಪುಷ್ಯ ಮಾಸಕ್ಕೆ ಬಾಣಂತನಕ್ಕೆ ಬರುವವಳಿದ್ದಳು. ಅತ್ತಿ ಮೊದಲೇ ಹೇಳಿಬಿಟ್ಟಿದ್ದರು: "ಪ್ಯಾಟಿಯಿಂದ ರಗ್ಗು ತರಬ್ಯಾಡ ಯವ್ವಾ. ಬಾಣಂತಿಗೆ ಕೌದಿನ ಬೇಕು. ಬೆಚ್ಚಗೂ ಇರತದ, ಬೆವರೂ ಹೀರತದ."

ಕೌದಿ ಅಂದರೆ ಹಳೆಯ ಸೀರೆಯ ಪದರದ ಮೇಲೆ ಅರಿವಿಯ ಚೂರು ಕೂಡಿಸಿ ಹೊಲಿದ ಹೊದಿಕೆ. ನನಗೆ ಒಳಗೊಳಗೇ ಅಂಜಿಕೆ. ಎರಡು ವರ್ಷದ ಹಿಂದೆ ಒಂದು ಕೌದಿ ಮಾಡಿ ಕೆಡಿಸಿದ್ದೆ. ಹಳೆಯ ಸೀರೆ ಹಾಸಿ, ಮೇಲೆ ಹೊಸ ಖಣದ ಚೂರುಗಳನ್ನು ತೊಳೆಯದೆ ಹಾಗೇ ಇಟ್ಟು, ಮಷೀನಿನಲ್ಲಿ ಸರಸರ ಹೊಡೆದು ನಾಲ್ಕು ದಿನದಲ್ಲಿ ಮುಗಿಸಿದ್ದೆ. ನೋಡಲು ಚೆಂದವೇ ಇತ್ತು. ಮೊದಲ ಸಲ ಒಗೆದಾಗ ಕೆಂಪು ಬಣ್ಣ ಬಿಟ್ಟು ಬಿಳಿ ತುಂಡುಗಳೆಲ್ಲ ಕುಂಕುಮ ಕಲಸಿದ ಹಾಗಾದವು. ಖಣ ಕುಗ್ಗಿತು, ಕೆಳಗಿನ ಸೀರೆ ಕುಗ್ಗಲಿಲ್ಲ. ಕೌದಿಯ ತುಂಬ ಸುಕ್ಕು. ಮೂರು ತಿಂಗಳಲ್ಲಿ ಹಳೆಯ ಸೀರೆ ಮಷೀನಿನ ಹೊಲಿಗೆಯ ಗೆರೆಗುಂಟ ಹರಿಯುತ್ತ ಬಂತು. ಅತ್ತಿ ಬೈಯಲಿಲ್ಲ. ಹರಿದ ಜಾಗದ ಮೇಲೆ ಬೆರಳಾಡಿಸಿ, "ಹೊಸಾ ಅರಿವಿ ಹಳೀ ಅರಿವಿನ ಎಳಕೊಂಡು ಹರದದ ನೋಡು" ಎಂದರು.

ಆ ಮಾತಿನ ಅರ್ಥ ನನಗೆ ಪೂರ್ತಿ ತಿಳಿದದ್ದು ಈ ಸಲ ಕೂತು ಹೊಲಿಯುವಾಗ. ಹಳೆಯ ಸೀರೆಯ ನೂಲು ಸವೆದು ಮೆತ್ತಗಾಗಿರುತ್ತದೆ. ಅದರ ಮೇಲೆ ಬಿರುಸಾದ ಹೊಸ ಅರಿವಿ ಕೂಡಿಸಿದರೆ ಎಳೆತವೆಲ್ಲ ಸವೆದ ನೂಲಿನ ಮೇಲೆಯೇ ಬೀಳುತ್ತದೆ. ಮಷೀನಿನ ಹೊಲಿಗೆ ಒತ್ತೊತ್ತಾಗಿ ತೂತು ಮಾಡುತ್ತ ಹೋಗುವುದರಿಂದ ಹರಿಯಲು ದಾರಿ ಆಗಲೇ ತಯಾರಾಗಿರುತ್ತದೆ. ಕೈಹೊಲಿಗೆ ಸಡಿಲ, ಅರಿವಿ ಎಳೆದ ಕಡೆ ದಾರವೂ ಒಂದಿಷ್ಟು ಸರಿಯುತ್ತದೆ.

ಹಾಗಾಗಿ ಈ ಸಲ ಮೊದಲ ಎಂಟು ದಿನ ಸೂಜಿ ಮುಟ್ಟಲೇ ಇಲ್ಲ, ಬರೀ ತೊಳೆದೆ. ಬಣ್ಣಬಣ್ಣದ ಚೂರುಗಳನ್ನು ಬೇರೆ ಬೇರೆ ಮಾಡಿ ಬಕೆಟ್ಟಿನ ತಣ್ಣೀರಲ್ಲಿ ರಾತ್ರಿಯಿಡೀ ನೆನೆಹಾಕುವುದು, ಬೆಳಿಗ್ಗೆ ನೀರು ಚೆಲ್ಲುವುದು, ಮತ್ತೆ ನೆನೆಹಾಕುವುದು. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂದು ಗಿರಾಕಿಯೊಬ್ಬರು ಹೇಳಿದ್ದರು. ಹಾಕಿ ನೋಡಿದೆ, ನನಗಂತೂ ನಿಲ್ಲಲಿಲ್ಲ. ಒಣಗಿದ ಮೇಲೆ ಪ್ರತಿ ಬಣ್ಣದ ಒಂದು ಚೂರನ್ನು ಒದ್ದೆ ಬಿಳಿ ಅರಿವಿಯ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತುತ್ತಿದ್ದೆ. ಬಿಳಿಯ ಮೇಲೆ ಕಲೆ ಬಿದ್ದರೆ ಆ ಬಣ್ಣ ಕೌದಿಗೆ ಬೇಡ. ಎರಡು ಕೆಂಪು, ಒಂದು ನೇರಳೆ ಹೀಗೆ ಹೊರಗೆ ಹೋದವು. ಜರಿ ಇದ್ದವನ್ನೂ ತೆಗೆದಿಟ್ಟೆ. ಕೂಸಿನ ಮೈಗೆ ಜರಿ ಚುಚ್ಚುತ್ತದೆ.

ತಳಕ್ಕೆ ಅತ್ತಿ ತಮ್ಮ ಟ್ರಂಕಿನಿಂದ ಒಂದು ಇಳಕಲ್ ಸೀರೆ ತೆಗೆದುಕೊಟ್ಟರು. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಬಿಟ್ಟು ಬರುವಾಗ ಉಟ್ಟಿದ್ದ ಎಂಟು ಗಜದ ಸೀರೆ. ಕಡುನೀಲಿ ಮೈ, ಚಿಕ್ಕಿಪರಾಸ ಎನ್ನುವ ಚಿತ್ತಾರದ ದಡಿ. ಕತ್ತರಿ ಹಾಕಲೋ ಬೇಡವೋ ಎಂದು ನಾನು ತಡೆದು ನಿಂತಾಗ ಅವರೇ ಮೊದಲ ಕತ್ತರಿ ಹಾಕಿದರು.

ಎಂಟು ಗಜ ಅಂದರೆ 24 ಅಡಿ. ಸೆರಗಿನ ಕಡೆ 3 ಅಡಿ ತೆಗೆದೆ. ಮೈಗೂ ಸೆರಗಿಗೂ ಕೊಂಡಿ ಹಾಕಿ ಕೂಡಿಸುವುದು ಇಳಕಲ್ ನೇಕಾರರ ಕೈಚಳಕ. ಆ ಕೊಂಡಿಯ ಗೆರೆಗೆ ಕತ್ತರಿ ತಾಗದಂತೆ ಅರ್ಧ ಗೇಣು ಈಚೆಗೆ ಕತ್ತರಿಸಿದೆ. ಕೂತು ಎದ್ದು ಸವೆದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ ಇನ್ನೊಂದು 3 ಅಡಿ ತೆಗೆದೆ. ಉಳಿದ 18 ಅಡಿಯಲ್ಲಿ ಆರಾರು ಅಡಿಯ ಮೂರು ತುಂಡು, ಅಂದರೆ ಮೂರು ಪದರ. ಅಗಲ ಹೆಚ್ಚುಕಡಿಮೆ 4 ಅಡಿ. ನಡುವಿನ ಪದರದ ದಡಿ ಮಾತ್ರ ಕತ್ತರಿಸಿಬಿಟ್ಟೆ. ಮೂರು ದಡಿ ಒಂದರ ಮೇಲೊಂದು ಕೂತರೆ ಅಲ್ಲಿ ಸೂಜಿ ಇಳಿಯುವುದಿಲ್ಲ.

ಪಡಸಾಲೆಯಲ್ಲಿ ಮೂರೂ ಪದರ ಹಾಸಿ, ನಾಲ್ಕು ಮೂಲೆಗೆ ನೀರು ತುಂಬಿದ ತಂಬಿಗೆ ಇಟ್ಟು, ಬಿಳಿ ದಾರದಿಂದ ಗೇಣಿಗೊಂದು ಗೆರೆಯಂತೆ ಕಚ್ಚಾ ಹೊಲಿಗೆ ಹಾಕಿದೆ. ಕಚ್ಚಾ ಹೊಲಿಗೆ ನಡುವಿನಿಂದ ಅಂಚಿಗೆ ಹೋಗಬೇಕು, ಪಕ್ಕಾ ಹೊಲಿಗೆ ಅಂಚಿನಿಂದ ಸುತ್ತು ಹಾಕುತ್ತ ನಡುವಿಗೆ ಬರಬೇಕು. ಒಂದು ಮಗ್ಗುಲಲ್ಲಿ ನಾನು ಕಚ್ಚಾ ಹೊಲಿಗೆಯನ್ನು ಬಹಳ ದೂರ ದೂರ ಹಾಕಿದ್ದೆ. ಐದನೇ ದಿನ ಅಲ್ಲಿ ಕೆಳಗಿನ ಪದರ ಉಬ್ಬಿ, ಕೈಯಾಡಿಸಿದರೆ ಒಳಗೆ ಗಾಳಿ ತುಂಬಿದ ಹಾಗೆ ಸಿಕ್ಕಿತು. ಮೂರು ಸುತ್ತು ಬಿಚ್ಚಿ ಮತ್ತೆ ಹಾಕಿದೆ. ಬಿಚ್ಚದೆ ಮುಂದೆ ಹೋಗಿದ್ದರೆ ಆ ಉಬ್ಬು ನಡುವಿಗೆ ಬರುವಷ್ಟರಲ್ಲಿ ಮಡಿಕೆಯಾಗಿ ನಿಲ್ಲುತ್ತಿತ್ತು.

ಚೂರುಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳಲಿಲ್ಲ. ಸುತ್ತು ಬಂದಂತೆ ಒಂದರ ಅಂಚನ್ನು ಇನ್ನೊಂದು ಮುಚ್ಚುವ ಹಾಗೆ ಇಟ್ಟುಕೊಂಡು, ಕಾಲು ಇಂಚು ಒಳಗೆ ಮಡಚಿ ಹೊಲಿಯುತ್ತ ಹೋದೆ. ನೆಟ್ಟಗಿನ ಪಟ್ಟಿ ಸಲೀಸು. ತೊಡಕು ಕೊಟ್ಟವು ಅರ್ಧಚಂದ್ರಗಳು. ಹೊರಬಾಗಿದ ಅಂಚನ್ನು ಮಡಚಹೋದರೆ ಸಣ್ಣ ಸಣ್ಣ ಮೂಲೆ ಏಳುತ್ತಿದ್ದವು. ಕೊನೆಗೆ ಅಂಚಿಗೆ ಹತ್ತಿಕೊಂಡೇ ಒಂದು ಸಾಲು ಸಣ್ಣ ಓಟದ ಹೊಲಿಗೆ ಹಾಕಿ, ದಾರದ ತುದಿ ಮೆಲ್ಲಗೆ ಎಳೆದೆ. ಅರಿವಿ ತಾನಾಗಿ ಒಳಗೆ ಬಾಗಿತು, ಕರಿಗಡಬಿನ ಅಂಚು ಮಡಚಿದ ಹಾಗೆ. ಮೇಲೆ ಇಸ್ತ್ರಿ ಒತ್ತಿದರೆ ಗುಂಡಗೆ ಕೂತುಬಿಡುತ್ತದೆ.

ದಾರ ದಪ್ಪ ಹತ್ತಿಯದು, ಜೋಡಿ ಎಳೆ, ಮೇಣದಬತ್ತಿಗೆ ಒಮ್ಮೆ ಸವರಿದ್ದು. ಒಂದು ತೋಳಿಗಿಂತ ಉದ್ದ ತೆಗೆದುಕೊಂಡರೆ ಗಂಟಾಗುತ್ತದೆ. ಸಾಲಿಗೂ ಸಾಲಿಗೂ ಮುಕ್ಕಾಲು ಇಂಚು ಬಿಟ್ಟೆ. ಲೆಕ್ಕ ಹಾಕಿದರೆ ಒಟ್ಟು 384 ಅಡಿ ಹೊಲಿಗೆ. ದಿನಕ್ಕೆ 16 ಅಡಿಯಂತೆ 24 ದಿನ, ಮಧ್ಯಾಹ್ನ ಊಟವಾದ ಮೇಲೆ ಎರಡೆರಡು ತಾಸು. ಸಾಲು ದೂರ ಬಿಟ್ಟರೆ ಬೇಗ ಮುಗಿಯುತ್ತದೆ ನಿಜ, ಆದರೆ ಒಗೆಯುವಾಗ ಪದರಗಳು ಒಂದರಿಂದೊಂದು ಸರಿದು ಗುಪ್ಪೆಯಾಗುತ್ತವೆ. ಇದರಲ್ಲಿ ಅವಸರ ಮಾಡಬಾರದು ಎಂದು ಹೊಲಿಯುವ ಎಲ್ಲ ಅಕ್ಕತಂಗಿಯರಿಗೂ ಕಳಕಳಿಯಿಂದ ಹೇಳುತ್ತೇನೆ.

ನಾಲ್ಕು ಮೂಲೆಗೆ ಸೆರಗಿನ ಕೆಂಪು ರೇಷ್ಮೆಯನ್ನು ತ್ರಿಕೋನವಾಗಿ ಮಡಚಿ ಕೂಡಿಸಿದೆ. ಇದು ನಮ್ಮ ಕಡೆಯ ಪದ್ಧತಿಯಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗೆ ಮೂಲೆಯಲ್ಲಿ ಹೀಗೆ ಹೂವಿನಂತೆ ಮಡಿಕೆ ಇಡುತ್ತಾರೆ, ಅದಿಲ್ಲದೆ ಕೌದಿ ಪೂರ್ತಿಯಾಗುವುದಿಲ್ಲ. ನನಗೆ ಅದು ಬಹಳ ಇಷ್ಟ. ರೇಷ್ಮೆ ಹಳೆಯದು, ಹತ್ತಾರು ನೀರು ಕಂಡದ್ದು. ಬಣ್ಣ ಬಿಡುವ ಭಯ ಇರಲಿಲ್ಲ.

ಕೊನೆಗೆ ನಡುವೆ ಅಂಗೈಯಷ್ಟು ಜಾಗ ಉಳಿಯಿತು. ಅಲ್ಲಿಗೆಂದೇ ತೇರಿನ ಅರ್ಧಚಂದ್ರ ತೆಗೆದಿಟ್ಟಿದ್ದೆ. ಮೂರು ಕಡೆ ಹೊಲಿದು ಮುಗಿಸುವಷ್ಟರಲ್ಲಿ ಅತ್ತಿ ಅಡುಗೆಮನೆಯಿಂದ ಉಗುರಿನಷ್ಟು ಒಣ ಜೋಳದ ರೊಟ್ಟಿಯ ಚೂರು ತಂದು ಅದರೊಳಗೆ ತೂರಿಸಿದರು. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಚ್ಚಬಾರದು ಎನ್ನುವುದು ಅವರ ಅವ್ವನ ಕಾಲದಿಂದ ಬಂದ ರೂಢಿ. ಸೂಜಿಯನ್ನೂ ನನ್ನ ಕೈಯಿಂದ ಇಸಿದುಕೊಂಡರು. ಕಣ್ಣು ಮಂಜಾಗಿದೆ, ದಾರ ಪೋಣಿಸಿದ್ದು ನಾನೇ, ಆದರೆ ಮುಚ್ಚುವ ಹೊಲಿಗೆಯಲ್ಲಿ ಒಂದೂ ಸೊಟ್ಟ ಬೀಳಲಿಲ್ಲ.

ಬಿಸಿನೀರಿಗೆ ಹಾಕಲಿಲ್ಲ, ತಣ್ಣೀರಲ್ಲಿ ತುಳಿದು, ಹಿಂಡದೆ, ಮಾಳಿಗೆಯ ಗೋಡೆಯ ಮೇಲೆ ಹರವಿದೆ. ಒದ್ದೆಯಾದಾಗ ಇಬ್ಬರು ಎತ್ತುವಷ್ಟು ಭಾರ. ಬಕೆಟ್ಟಿನ ನೀರನ್ನು ಬಿಳಿ ಚೊಂಬಿನಲ್ಲಿ ಮೊಗೆದು ಬೆಳಕಿಗೆ ಹಿಡಿದು ನೋಡಿದೆ, ತಿಳಿಯಾಗಿತ್ತು. ಮಗಳು ಬಂದ ದಿನ ಹೊದ್ದುಕೊಂಡು, ತೇರಿನ ಮೇಲೆ ಬೆರಳಿಟ್ಟು, "ಅವ್ವಾ, ಇದು ನನ್ನ ಸೀಮಂತದ ಕುಬಸದ್ದಲ್ಲೇನು?" ಎಂದು ಕೇಳಿದಳು. ಅದರದೇ.