ಕೆಂಪು ಧೂಳಿನ ಊರಲ್ಲಿ ಬೈಕ್ ನೋಡಿಕೊಳ್ಳುವುದು ಹೇಗೆ?

ಬೈಕಿನ ಜೊತೆ ಬರುವ ಪುಸ್ತಕದಲ್ಲಿ ಯಾವ ಕೆಲಸ ಎಷ್ಟು ಕಿಲೋಮೀಟರಿಗೆ ಮಾಡಬೇಕು ಅಂತ ಒಂದು ಪಟ್ಟಿ ಇರುತ್ತದೆ. ಬಹಳಷ್ಟು ಪುಸ್ತಕಗಳಲ್ಲಿ ಅದೇ ಪಟ್ಟಿಯ ಕೆಳಗೆ ಸಣ್ಣ ಅಕ್ಷರದ ಇನ್ನೊಂದು ಸಾಲೂ ಇರುತ್ತದೆ. ಧೂಳು ಜಾಸ್ತಿ ಇರುವ ಕಡೆ ಓಡಿಸುವವರು ಇದನ್ನೆಲ್ಲ ಇನ್ನೂ ಬೇಗ ಮಾಡಿ ಅಂತ. ನಮ್ಮ ಕಡೆಯವರು ಓದಬೇಕಾಗಿದ್ದು ಆ ಸಾಲನ್ನೇ. ಬಳ್ಳಾರಿಯಿಂದ ಕುಡತಿನಿ, ತೋರಣಗಲ್ಲು, ಸಂಡೂರು ಕಡೆ ದಿನಾ ಓಡಾಡುವವರಿಗೆ ಅದಿರಿನ ಕೆಂಪು ಪುಡಿ, ಸಿರುಗುಪ್ಪ, ಸಿಂಧನೂರಿನವರಿಗೆ ಎರೆ ಮಣ್ಣು, ರಾಯಚೂರಿನ ಶಕ್ತಿನಗರದ ಸುತ್ತಮುತ್ತ ವಿದ್ಯುತ್ ಸ್ಥಾವರದ ಹಾರುಬೂದಿ, ಇದರ ಮೇಲೆ ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಬಿಸಿಲು ಬೇರೆ. ಇಲ್ಲಿ ಮೀಟರ್ ನೋಡಿ ಸರ್ವಿಸ್ ಮಾಡಿಸಿದರೆ ಸಾಲದು. ಧೂಳು ನೋಡಿ ಮಾಡಬೇಕು. ಅದರಲ್ಲಿ ಅರ್ಧ ಕೆಲಸ ಮನೆ ಮುಂದೆಯೇ ಆಗುತ್ತದೆ.

ಮೊದಲು ಚೈನ್

ಎಲ್ಲಕ್ಕಿಂತ ಮೊದಲು ಸಾಯುವುದು ಇದೇ. ಸಂಡೂರಿನ ಅದಿರು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಒಡವೆಗೆ, ಗಾಜಿಗೆ ಪಾಲಿಶ್ ಕೊಡಲು ಬಳಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ. ಅಂಥ ಪುಡಿ ನಿಮ್ಮ ಚೈನಿನ ಎಣ್ಣೆಯಲ್ಲಿ ಕಲೆತರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾ? ಅದು ಚೈನಿನ ರೋಲರನ್ನೂ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹಲ್ಲನ್ನೂ ದಿನಾ ಸವೆಸುತ್ತಾ ಕೂರುತ್ತದೆ.

ಸಂಜೆ ಮನೆಗೆ ಬಂದ ಮೇಲೆ ಈ ಕೆಲಸ ಹಿಡಿಯಿರಿ, ಆಗ ಚೈನ್ ಬೆಚ್ಚಗಿರುತ್ತದೆ. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಎಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಗೇರ್ ಹಾಕಿ ಚಕ್ರ ತಿರುಗಿಸಿಕೊಂಡು ಚೈನಿಗೆ ಬಟ್ಟೆ ಹಿಡಿಯುವವರನ್ನು ನೀವೂ ನೋಡಿರುತ್ತೀರಿ. ದಯವಿಟ್ಟು ಬೇಡ. ಸ್ಪ್ರಾಕೆಟ್ಟಿಗೆ ಸಿಕ್ಕಿದ ಬೆರಳು ವಾಪಸ್ ಬರುವುದಿಲ್ಲ. ಗೇರು ನ್ಯೂಟ್ರಲ್‌ನಲ್ಲಿರಲಿ, ಚಕ್ರ ಕೈಯಲ್ಲೇ ತಿರುಗಿಸಿ.

ಚೈನಿನ ನಾಲ್ಕೂ ಮಗ್ಗುಲು ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್ ಹಾಕಿ ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಪೆಟ್ರೋಲ್ ಬೇಡ, ತಂತಿ ಬ್ರಷ್ಷೂ ಬೇಡ. ಈಗಿನ ಎಷ್ಟೋ ಬೈಕುಗಳ ಚೈನಿನಲ್ಲಿ ಕೊಂಡಿ ಕೊಂಡಿಗೂ ಸಣ್ಣ ರಬ್ಬರ್ ರಿಂಗ್ ಇರುತ್ತದೆ, ಒಳಗಿನ ಗ್ರೀಸ್ ಹಿಡಿದಿಟ್ಟುಕೊಳ್ಳುವುದು ಅದೇ. ರಿಂಗ್ ಹೋದರೆ ಚೈನ್ ಹೋದ ಹಾಗೆಯೇ. ಆಮೇಲೆ ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಬಳ್ಳಾರಿಯಲ್ಲಿ ಬಟ್ಟೆಗೆ ಬರವಿಲ್ಲ, ಜೀನ್ಸ್ ಹೊಲಿಯುವವರ ಹತ್ತಿರ ಕಟಿಂಗ್ ಚೂರು ಕೇಳಿ ನೋಡಿ, ಇಷ್ಟು ಗಟ್ಟಿ ಬಟ್ಟೆ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಈಗ ಎಣ್ಣೆ. ಚೈನ್ ಲ್ಯೂಬ್ ಆಗಬಹುದು, 90 ನಂಬರಿನ ಗೇರ್ ಆಯಿಲ್ ಆದರೂ ನಡೆಯುತ್ತದೆ. ಕೆಳಗಿನ ಚೈನಿನ ಒಳಮಗ್ಗುಲಿಗೆ, ಅಂದರೆ ಸ್ಪ್ರಾಕೆಟ್ ಹಲ್ಲು ಕೂರುವ ಕಡೆಗೆ ಹಾಕಿ. ಚಕ್ರ ತಿರುಗುವಾಗ ಎಣ್ಣೆ ತಾನಾಗಿಯೇ ಹೊರಗೆ ಹರಡಿಕೊಳ್ಳುತ್ತದೆ. ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಮೇಲೆ ನಿಂತ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಜನ ತಪ್ಪುವುದು ಇಲ್ಲಿಯೇ. ಧೂಳು ಜಾಸ್ತಿ ಅಂತ ಎಣ್ಣೆಯನ್ನೂ ಜಾಸ್ತಿ ಸುರಿಯುತ್ತಾರೆ, ಮಾರನೇ ದಿನ ತೋರಣಗಲ್ಲಿಗೆ ಹೋಗಿ ಬರುವಷ್ಟರಲ್ಲಿ ಚೈನ್ ಮೇಲೆ ಕೆಂಪು ಗಿಲಾವು ಮೆತ್ತಿರುತ್ತದೆ. ನಮ್ಮ ಕಡೆಗೆ ಸರಿಹೋಗುವುದು ಕಡಿಮೆ ಎಣ್ಣೆ, ಮೇಲಿಂದ ಮೇಲೆ. 500 ಕಿಲೋಮೀಟರಿಗೆ ಒಮ್ಮೆ ಅನ್ನುವುದು ಎಲ್ಲರೂ ಹೇಳುವ ಲೆಕ್ಕ. ಅದಿರಿನ ರೋಡಿನವರು ಭಾನುವಾರಕ್ಕೊಮ್ಮೆ ಅಂತ ಇಟ್ಟುಕೊಳ್ಳಿ, ಕಿಲೋಮೀಟರ್ ಎಷ್ಟಾದರೂ ಆಗಿರಲಿ.

ಇನ್ನು ಸಡಿಲ. ಎರಡು ಸ್ಪ್ರಾಕೆಟ್ ನಡುವೆ ಕೆಳಗಿನ ಚೈನನ್ನು ಬೆರಳಿಂದ ಮೇಲೆ ಕೆಳಗೆ ಆಡಿಸಿ ನೋಡಿ. ಮಾಮೂಲಿ ಬೈಕುಗಳಿಗೆ 20ರಿಂದ 30 ಮಿಲಿಮೀಟರ್ ಆಟ ಇರಬೇಕು, ಎತ್ತರದ ಅಡ್ವೆಂಚರ್ ಬೈಕುಗಳಿಗೆ ಇನ್ನೂ ಜಾಸ್ತಿ. ನಿಮ್ಮ ಬೈಕಿನ ಅಳತೆ ಪುಸ್ತಕದಲ್ಲಿ ಇರುತ್ತದೆ, ಕೆಲವಕ್ಕೆ ಹಿಂದಿನ ಚಕ್ರದ ಹತ್ತಿರವೇ ಸ್ಟಿಕರ್ ಹಚ್ಚಿರುತ್ತಾರೆ. ಚಕ್ರ ತಿರುಗಿಸುತ್ತಾ ಮೂರು ನಾಲ್ಕು ಕಡೆ ನೋಡಿ, ಎಲ್ಲಿ ಹೆಚ್ಚು ಬಿಗಿ ಇದೆಯೋ ಅಲ್ಲಿನ ಅಳತೆ ಹಿಡಿಯಿರಿ. ಸಡಿಲ ಇದೆ ಅಂತ ಬಿಗಿ ಮಾಡಿಸಿ ತಂತಿಯಂತೆ ಎಳೆಸಿಕೊಂಡು ಬರುವವರಿದ್ದಾರೆ. ಹಿಂದೆ ಒಬ್ಬರು ಕೂತರೆ ಸಸ್ಪೆನ್ಷನ್ ಕೆಳಗಿಳಿದು ಆ ಚೈನ್ ಇನ್ನೂ ಬಿಗಿಯಾಗುತ್ತದೆ, ಭಾರ ಪೂರ್ತಿ ಗೇರ್‌ಬಾಕ್ಸ್ ಬೇರಿಂಗಿನ ಮೇಲೆ ಬೀಳುತ್ತದೆ. ಎರಡರಲ್ಲಿ ಒಂದು ಅಂದರೆ ಸ್ವಲ್ಪ ಸಡಿಲವೇ ವಾಸಿ. ಸ್ಪ್ರಾಕೆಟ್ ಹಲ್ಲು ಒಂದು ಕಡೆಗೆ ಬಾಗಿ ಕೊಕ್ಕೆಯ ಹಾಗೆ ಆಗಿದ್ದರೆ ಚೈನ್ ಒಂದನ್ನೇ ಬದಲಿಸಬೇಡಿ. ಸೆಟ್ ಪೂರ್ತಿ ಹಾಕಿಸಿ, ಇಲ್ಲದಿದ್ದರೆ ಹಳೆ ಹಲ್ಲು ಹೊಸ ಚೈನನ್ನು ತಿನ್ನುತ್ತದೆ.

ಆಮೇಲೆ ಗಾಳಿ, ಎರಡು ಥರದ್ದು

ಎಂಜಿನ್ ಉಸಿರಾಡುವ ಗಾಳಿ ಮೊದಲು. ಏರ್ ಫಿಲ್ಟರ್ ತೆಗೆದು ನೋಡುವುದು ಬಹಳ ಬೈಕುಗಳಲ್ಲಿ ಸ್ಕ್ರೂಡ್ರೈವರಿನ ಕೆಲಸ ಅಷ್ಟೇ. ಸ್ಪಂಜ್ ಇದ್ದರೆ ತೊಳೆದು, ಒಣಗಿಸಿ, ಪುಸ್ತಕದಲ್ಲಿ ಹೇಳಿದ ಎಣ್ಣೆ ಸವರಿ ಹಾಕಬಹುದು. ಕಾಗದದ್ದಾದರೆ ತೊಳೆಯುವ ಹಾಗಿಲ್ಲ. ಅದರಲ್ಲೂ ಎಣ್ಣೆ ಸವರಿದ ಕಾಗದದ ಫಿಲ್ಟರಿಗೆ ಗಾಳಿ ಹೊಡೆಸಬಾರದು, ಬದಲಿಸಬೇಕು. ಗ್ಯಾರೇಜಿನಲ್ಲಿ ಎಲ್ಲದಕ್ಕೂ ಒಂದೇ ಏರ್ ಗನ್ ಹಿಡಿಯುತ್ತಾರೆ, ಅದಕ್ಕೇ ಯಾವುದು ಇದೆ ಅಂತ ನೀವೇ ತಿಳಿದುಕೊಂಡಿದ್ದರೆ ಒಳ್ಳೆಯದು. ಮೈಲೇಜ್ ಇಳಿಯಿತು, ಪಿಕಪ್ ಸತ್ತಿತು ಅಂದಾಗ ಪೆಟ್ರೋಲ್ ಬಂಕಿನವರನ್ನು ಬಯ್ಯುವ ಮೊದಲು ಈ ಡಬ್ಬಿ ಬಿಚ್ಚಿ ನೋಡಿ. ಡಬ್ಬಿಯ ಕೆಳಗೆ ಮುಚ್ಚಳ ಹಾಕಿದ ಸಣ್ಣ ಪೈಪ್ ಇದ್ದರೆ ಅದನ್ನೂ ಬಿಚ್ಚಿ ಖಾಲಿ ಮಾಡಿ.

ಇನ್ನೊಂದು ಟೈರಿನ ಗಾಳಿ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ನೋಡಿಸಿ. ಮಧ್ಯಾಹ್ನ ಹೊಸಪೇಟೆ ರೋಡಿನಲ್ಲಿ ಓಡಿ ಬಂದ ಟೈರಿಗೆ ಮೀಟರ್ ಇಟ್ಟರೆ ಜಾಸ್ತಿಯೇ ತೋರಿಸುತ್ತದೆ, ಬಿಸಿಗೆ ಒಳಗಿನ ಗಾಳಿಯ ಒತ್ತಡ ಏರಿರುತ್ತದೆ. ಬೇಸಿಗೆ ಅಂತ ಹೇಳಿ ಗಾಳಿ ಬಿಡಿಸುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ, ಅದರಿಂದ ಟೈರ್ ಜಾಸ್ತಿ ಮಡಚಿಕೊಂಡು ಇನ್ನೂ ಬಿಸಿಯಾಗುತ್ತದೆ. ಕಂಪನಿ ಹೇಳಿದ ಅಳತೆಯೇ ಬೇಸಿಗೆಗೂ ಅಳತೆ.

ಟೈರ್ ಅಂದಮೇಲೆ ಬಳ್ಳಾರಿ ಜಾಲಿ ಬಿಡುವ ಹಾಗಿಲ್ಲ. ಅಮೆರಿಕ ಖಂಡದಿಂದ ಬಂದ ಗಿಡ ನಮ್ಮ ಊರಿನ ಹೆಸರಲ್ಲಿ ಮೆರೆಯುತ್ತಿದೆ! ರೋಡಿನ ಪಕ್ಕ ಜಾಲಿ ಕಡಿದು ಹಾಕಿದ ಕಡೆ ಬೈಕ್ ಇಳಿಸಲೇಬೇಡಿ. ಟ್ಯೂಬ್‌ಲೆಸ್ ಟೈರಿಗೆ ಮುಳ್ಳು ಚುಚ್ಚಿದ್ದು ಕಂಡರೆ ಅಲ್ಲೇ ಕಿತ್ತು ಎಸೆಯಬೇಡಿ, ಅದು ಕೂತಿರುವಷ್ಟು ಹೊತ್ತು ಗಾಳಿ ನಿಧಾನಕ್ಕೆ ಹೋಗುತ್ತದೆ. ಪಂಕ್ಚರ್ ಅಂಗಡಿಗೆ ಮುಟ್ಟಿ ಆಮೇಲೆ ಕೀಳಿ, ಇಲ್ಲವೇ ಸೀಟಿನ ಕೆಳಗೆ ಒಂದು ಪ್ಲಗ್ ಕಿಟ್ ಇಟ್ಟುಕೊಳ್ಳಿ.

ಬಿಸಿಲು, ಮಳೆ, ಟಿಪ್ಪರ್

ಏರ್ ಕೂಲ್ಡ್ ಎಂಜಿನ್ ತಣ್ಣಗಾಗುವುದು ಅದರ ಮೈಮೇಲಿನ ರೆಕ್ಕೆಗಳ ನಡುವೆ ಗಾಳಿ ಹರಿದಾಗ. ಅಲ್ಲಿ ಕೆಸರು ಒಣಗಿ ಕೂತಿದ್ದರೆ ಗಾಳಿ ಎಲ್ಲಿ ಹೋಗಬೇಕು? ಬ್ರಷ್ ಹಾಕಿ ಬಿಡಿಸಿ, ರೇಡಿಯೇಟರ್ ಇದ್ದರೆ ಅದರ ಜಾಲರಿಯನ್ನೂ ನೋಡಿ. ಎಂಜಿನ್ ಕಾದಿರುವಾಗ ಮಾತ್ರ ನೀರು ಹಾಕಬೇಡಿ. ಟ್ಯಾಂಕನ್ನು ಕುತ್ತಿಗೆವರೆಗೆ ತುಂಬಿಸಿ ಬಿಸಿಲಲ್ಲಿ ನಿಲ್ಲಿಸುವುದೂ ಬೇಡ, ಪೆಟ್ರೋಲ್ ಹಿಗ್ಗಲು ಸ್ವಲ್ಪ ಜಾಗ ಬೇಕು. ಲಾಂಗ್ ಹೋಗುವವರು ನಸುಕಿನಲ್ಲೇ ಹೊರಟು, ಒಂಬತ್ತರೊಳಗೆ ಎಲ್ಲಾದರೂ ಒಗ್ಗರಣೆ-ಮಿರ್ಚಿ ಮುಂದೆ ಕೂತಿರುವುದು ಜಾಣತನ.

ಮಳೆಗಾಲದಲ್ಲಿ ಗದ್ದೆ ಕಡೆಯ ಎರೆ ಮಣ್ಣಿನ ದಾರಿ ಬೇರೆಯೇ ಕಥೆ. ಆ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಸಿಕ್ಕಿ ಚಕ್ರವನ್ನೇ ಹಿಡಿದುಬಿಡುತ್ತದೆ. ಎಕ್ಸಲರೇಟರ್ ಕೊಟ್ಟಷ್ಟೂ ಕ್ಲಚ್ ಸುಡುತ್ತದೆ ಅಷ್ಟೇ. ಇಳಿದು ಕಟ್ಟಿಗೆಯಿಂದ ಕೆದಕಿ ತೆಗೆಯಬೇಕು, ಬೇರೆ ದಾರಿ ಇಲ್ಲ. ಅಲ್ಲಿ ಬೈಕ್ ನಿಲ್ಲಿಸುವಾಗ ಸೈಡ್ ಸ್ಟ್ಯಾಂಡ್ ಮಣ್ಣಲ್ಲಿ ಇಳಿಯದ ಹಾಗೆ ಅದರ ಕೆಳಗೆ ಒಂದು ಚಪ್ಪಟೆ ಕಲ್ಲು ಇಡಿ.

ಟಿಪ್ಪರ್ ಹಿಂದೆ ಧೂಳಿನ ಮೋಡ ಎದ್ದಾಗ ಓವರ್‌ಟೇಕ್ ಮಾಡಬೇಡಿ, ಎದುರಿಂದ ಇನ್ನೊಂದು ಟಿಪ್ಪರ್ ಬರುತ್ತಿದ್ದರೆ ನಿಮಗೂ ಕಾಣುವುದಿಲ್ಲ, ಅವನಿಗೂ ಕಾಣುವುದಿಲ್ಲ. ಹಿಂದೆ ಸರಿದು ಧೂಳು ಕೂರುವವರೆಗೆ ಕಾಯಿರಿ. ಹೆಲ್ಮೆಟ್ಟಿನ ಗಾಜನ್ನು ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಅದಿರಿನ ಪುಡಿ ಗೀರು ಹಾಕುತ್ತದೆ, ರಾತ್ರಿ ಎದುರಿನ ಲೈಟ್ ಆ ಗೀರಿನಲ್ಲೆಲ್ಲ ಒಡೆದು ಕಣ್ಣಿಗೆ ಹೊಡೆಯುತ್ತದೆ. ಮೊದಲು ನೀರು ಹಾಕಿ ಧೂಳು ಇಳಿಸಿ, ಆಮೇಲೆ ಒರೆಸಿ.

ವಾಟರ್ ಸರ್ವಿಸ್‌ಗೆ ಕೊಟ್ಟರೆ ಪಕ್ಕದಲ್ಲೇ ನಿಂತಿರಿ. ಆ ಜೋರು ನೀರನ್ನು ಚಕ್ರದ ಬೇರಿಂಗಿಗೆ, ಸ್ವಿಚ್ಚಿಗೆ, ಚೈನಿಗೆ ನೇರವಾಗಿ ಹಿಡಿಯಬೇಡಿ ಅಂತ ಹೇಳಿ. ತೊಳೆಸಿದ ಮೇಲೆ ನಿಧಾನಕ್ಕೆ ಒಂದು ರೌಂಡ್ ಹೋಗಿ ಎರಡೂ ಬ್ರೇಕ್ ಒತ್ತಿ ಒಣಗಿಸಿ, ಮನೆಗೆ ಬಂದು ಚೈನ್ ಒರೆಸಿ ಮತ್ತೆ ಎಣ್ಣೆ ಹಾಕಿ.