ಟಾಪ್ ಮಾಡೆಲ್‌ನ ಎಲ್‌ಇಡಿ ಹೆಡ್‌ಲೈಟಿಗೆ ದುಡ್ಡು ಕೊಡಬೇಕಾ? ಹೀಗೆ ಲೆಕ್ಕ ಹಾಕಿ

ಕಾರು ಬುಕ್ ಮಾಡೋಕೆ ಹೋದಾಗ ಈ ಪ್ರಶ್ನೆ ಬಂದೇ ಬರುತ್ತದೆ. ಕೆಳಗಿನ ಮಾಡೆಲ್‌ನಲ್ಲಿ ಹಳೇ ಬಗೆಯ ತಂತಿ ಬಲ್ಬಿನ ಹ್ಯಾಲೊಜೆನ್, ಮೇಲಿನದರಲ್ಲಿ ಎಲ್‌ಇಡಿ. ವ್ಯತ್ಯಾಸ ಕೆಲವು ಕಾರುಗಳಲ್ಲಿ ಲಕ್ಷ ರೂಪಾಯಿ ದಾಟುತ್ತದೆ, ಅದರಲ್ಲಿ ಸನ್‌ರೂಫು, ಅಲಾಯ್ ವೀಲು, ದೊಡ್ಡ ಸ್ಕ್ರೀನು ಎಲ್ಲ ಸೇರಿಕೊಂಡಿರುವುದರಿಂದ ಲೈಟಿಗೆ ಎಷ್ಟು ಕೊಡುತ್ತಿದ್ದೇವೆ ಅನ್ನೋದೇ ತಿಳಿಯುವುದಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ಬೀದಿದೀಪ ಇಲ್ಲದ ರಸ್ತೆಯಲ್ಲಿ ಓಡಾಡುವವರು ಬೇರೆ ಏನು ಬಿಟ್ಟರೂ ಒಳ್ಳೆ ಹೆಡ್‌ಲೈಟು ಬಿಡಬಾರದು. ಆದರೆ ಎಲ್‌ಇಡಿ ಅಂದ ಮಾತ್ರಕ್ಕೆ ಅದು ಒಳ್ಳೆ ಹೆಡ್‌ಲೈಟು ಅಂತ ಅಲ್ಲ.

ಮೊದಲು ನಿಮ್ಮ ರಸ್ತೆ ಯಾವುದು ನೋಡಿಕೊಳ್ಳಿ. ದಾವಣಗೆರೆಯ ಪಿ.ಬಿ. ರಸ್ತೆ, ವಿದ್ಯಾನಗರ ಅಷ್ಟೇ ಓಡಾಟ ಅಂದ್ರೆ ಹ್ಯಾಲೊಜೆನ್ ಧಾರಾಳವಾಗಿ ಸಾಕು. ಅಂಗಡಿ ಮುಚ್ಚಿ ರಾತ್ರಿ ಜಗಳೂರಿಗೆ ವಾಪಸ್ ಹೋಗುವವರದು, ಚಿತ್ರದುರ್ಗದಿಂದ ಚಳ್ಳಕೆರೆ ಕಡೆ ಹೋಗುವವರದು ಬೇರೆ ಮಾತು. ಮೆಕ್ಕೆಜೋಳದ ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಕಾಳು ಹರವಿ ಸುತ್ತ ದಪ್ಪ ಕಲ್ಲು ಇಟ್ಟಿರುತ್ತಾರೆ, ಅಲ್ವಾ? ಕಾಳು ತುಂಬಿಕೊಂಡು ಹೋದ ಮೇಲೂ ಎಷ್ಟೋ ಸಲ ಕಲ್ಲು ಅಲ್ಲೇ ಉಳಿಯುತ್ತವೆ. ಅವುಗಳ ಬಣ್ಣವೂ ಟಾರಿನ ಬಣ್ಣವೇ. 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಲ್ಲು ಕಂಡು ಬ್ರೇಕ್ ಮೇಲೆ ಕಾಲಿಡೋಕೆ ಒಂದೂವರೆ ಸೆಕೆಂಡ್ ಹಿಡಿದರೆ 33 ಮೀಟರ್ ಹೋಯಿತು, ಒಣ ರಸ್ತೆಯಲ್ಲಿ ಕಾರು ನಿಲ್ಲೋಕೆ ಇನ್ನೊಂದು 35 ಮೀಟರ್. ಸುಮಾರು 70 ಮೀಟರ್ ಮುಂಚೆ ಕಂಡರೆ ಮಾತ್ರ ಉಳಿದಿರಿ. ಸಾಧಾರಣ ಹ್ಯಾಲೊಜೆನ್ ಡಿಮ್‌ನಲ್ಲಿ ಇಂಥ ಕಪ್ಪು ಕಲ್ಲು ಅಷ್ಟು ದೂರಕ್ಕೆ ಕಾಣುವುದು ಕಷ್ಟ. ವಯಸ್ಸು ಅರವತ್ತು ದಾಟಿದವರ ಕಣ್ಣಿಗೆ ಇನ್ನೂ ಜಾಸ್ತಿ ಬೆಳಕು ಬೇಕು, ಎದುರು ಲಾರಿಯ ಬೆಳಕು ಕಣ್ಣಿಗೆ ಹೊಡೆದ ಮೇಲೆ ಸುಧಾರಿಸಿಕೊಳ್ಳೋಕೂ ಜಾಸ್ತಿ ಹೊತ್ತು ಬೇಕು. ಅಪ್ಪ ಓಡಿಸುವ ಕಾರಾದರೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬೆಳಕು ಸಾಲದು ಅನ್ನೋ ಒಂದೇ ಕಾರಣಕ್ಕೆ ಇರೋ ಕಾರು ಬದಲಿಸೋ ಯೋಚನೆಯಲ್ಲಿದ್ದರೆ, ಅದಕ್ಕೂ ಮುಂಚೆ ಹಳೇ ಲೈಟನ್ನೇ ಸರಿ ಮಾಡಿ ನೋಡಿ. ಸಮತಟ್ಟು ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ ಡಿಮ್ ಹಾಕಿ. ಗೋಡೆ ಮೇಲೆ ಬೆಳಕು ಕತ್ತರಿಸಿದ ಹಾಗೆ ಒಂದು ಅಂಚು ಕಾಣುತ್ತದೆ. ಅದು ಲೈಟಿನ ನಡುಮಧ್ಯದ ಎತ್ತರಕ್ಕಿಂತ ಸುಮಾರು 10 ಸೆಂ.ಮೀ. ಕೆಳಗಿರಬೇಕು, ಎಡಭಾಗದಲ್ಲಿ ಸ್ವಲ್ಪ ಮೇಲೇರಬೇಕು. ಅದಕ್ಕಿಂತ ತೀರಾ ಕೆಳಗಿದ್ದರೆ ನಿಮಗೆ ರಸ್ತೆ ಕಾಣಲ್ಲ, ಮೇಲಿದ್ದರೆ ಎದುರಿನವರಿಗೆ ಕಾಣಲ್ಲ. ಗ್ಯಾರೇಜಿನಲ್ಲಿ ಸ್ಕ್ರೂ ತಿರುಗಿಸಿ ಸರಿ ಮಾಡಿಕೊಡುತ್ತಾರೆ. ಮುಂದಿನ ಪ್ಲಾಸ್ಟಿಕ್ ಹಳದಿಗಟ್ಟಿದ್ದರೆ ನೀರು ಹಾಕಿ ಸಣ್ಣ ಮರಳುಕಾಗದದಿಂದ ಉಜ್ಜಿ ಪಾಲಿಶ್ ಮಾಡಿಸಿ. ವೋಲ್ಟೇಜ್ ಕೂಡ ಪರೀಕ್ಷೆ ಮಾಡಿಸಿ, ಇದನ್ನು ಸುಮಾರು ಜನ ಮರೆಯುತ್ತಾರೆ. ಹ್ಯಾಲೊಜೆನ್ ಬಲ್ಬಿಗೆ ಹೋಗುವ ವೋಲ್ಟೇಜ್ 10% ಇಳಿದರೆ ಬೆಳಕು ಹೆಚ್ಚುಕಮ್ಮಿ 30% ಇಳಿಯುತ್ತದೆ. ತುಕ್ಕು ಹಿಡಿದ ಅರ್ತಿಂಗ್ ವೈರು ಸಾಕು ಇಷ್ಟು ಹಾಳು ಮಾಡೋಕೆ.

ಹೊರಗೆ ಸಿಗುವ ಎಲ್‌ಇಡಿ ಬಲ್ಬನ್ನು ಹ್ಯಾಲೊಜೆನ್ ಲೈಟಿಗೆ ಹಾಕಿಸಬೇಡಿ. ದಯವಿಟ್ಟು ಬೇಡ. ಒಳಗಿನ ರಿಫ್ಲೆಕ್ಟರು ಹ್ಯಾಲೊಜೆನ್ ತಂತಿ ಎಲ್ಲಿ ಉರಿಯುತ್ತದೋ ಆ ಜಾಗಕ್ಕೆ ಸರಿಯಾಗಿ ಮಾಡಿದ್ದು. ಎಲ್‌ಇಡಿಯ ಬೆಳಕು ಹುಟ್ಟುವ ರೀತಿಯೇ ಬೇರೆ, ಹಾಗಾಗಿ ಬೆಳಕು ಚೆಲ್ಲಾಪಿಲ್ಲಿ ಆಗಿ ಎದುರು ಬರುವ ಬೈಕಿನವನ ಕಣ್ಣಿಗೆ ಹೋಗುತ್ತದೆ. ಕಂಪನಿಯಿಂದಲೇ ಬಂದ ಎಲ್‌ಇಡಿಯಲ್ಲಿ ಲೆನ್ಸು, ರಿಫ್ಲೆಕ್ಟರು ಎಲ್ಲ ಅದಕ್ಕೆಂದೇ ಮಾಡಿರುತ್ತಾರೆ. ಜಾಸ್ತಿ ದುಡ್ಡು ಕೊಡುವುದು ಇದಕ್ಕೆ.

ಇನ್ನು ಹೊಸ ಕಾರು. ಟೆಸ್ಟ್ ಡ್ರೈವ್ ಕತ್ತಲಾದ ಮೇಲೆ ಕೇಳಿ, ಹಗಲಲ್ಲಿ ಓಡಿಸಿದರೆ ಲೈಟಿನ ಬಗ್ಗೆ ಏನೂ ಗೊತ್ತಾಗಲ್ಲ. ಹೈವೇ ಬಿಟ್ಟು ಭರಮಸಾಗರದ ಆಚೀಚೆ ಯಾವುದಾದರೂ ಹಳ್ಳಿ ರಸ್ತೆಗೆ ತಿರುಗಿಸಿ. ಡಿಮ್‌ನಲ್ಲಿ ಎಡಗಡೆ ಮಣ್ಣಿನ ಅಂಚು ಎಲ್ಲಿಯವರೆಗೆ ಕಾಣುತ್ತದೆ, ತಿರುವಿನಲ್ಲಿ ಬದಿ ಕಾಣುತ್ತದಾ, ಹತ್ತಿರ ಮಾತ್ರ ಬೆಳ್ಳಗೆ ಹೊಳೆದು ದೂರ ಕತ್ತಲಾಗುತ್ತದಾ ನೋಡಿ. ಕೊನೆಯದು ಮೋಸದ ಬೆಳಕು. ಚೆನ್ನಾಗಿದೆ ಅನ್ನಿಸುತ್ತದೆ, ದೂರದ್ದು ಕಾಣುವುದಿಲ್ಲ.

ಕಾರುಗಳ ಸುರಕ್ಷತೆ ಪರೀಕ್ಷೆ ಮಾಡುವ ಅಮೆರಿಕದ ಐಐಎಚ್‌ಎಸ್ ಸಂಸ್ಥೆ 2016ರಲ್ಲಿ 31 ಮಧ್ಯಮ ಗಾತ್ರದ ಕಾರುಗಳ 82 ಬಗೆಯ ಹೆಡ್‌ಲೈಟು ಪರೀಕ್ಷೆ ಮಾಡಿದಾಗ 'ಉತ್ತಮ' ಅನ್ನಿಸಿಕೊಂಡಿದ್ದು ಒಂದೇ, ಟೊಯೊಟಾ ಪ್ರಿಯಸ್ ವಿ ಕಾರಿನ ಎಲ್‌ಇಡಿ. ಅದೇ ಕಾರಿನ ಹ್ಯಾಲೊಜೆನ್ 'ಕಳಪೆ' ಅನ್ನಿಸಿಕೊಂಡಿತು. ದುಬಾರಿ ಕಾರುಗಳೂ ಅಲ್ಲಿ ಸೋತವು. ಆಮೇಲೆ ಅದೇ ಸಂಸ್ಥೆ ಅಪಘಾತಗಳ ಲೆಕ್ಕ ತೆಗೆದು ನೋಡಿತು. ಕಳಪೆ ಲೈಟಿಗೆ ಹೋಲಿಸಿದರೆ ಉತ್ತಮ ಲೈಟಿನ ಕಾರುಗಳು ರಾತ್ರಿ ಬೇರೆ ವಾಹನ ಇಲ್ಲದೆ ಒಂಟಿಯಾಗಿ ಗುದ್ದಿಕೊಳ್ಳುವುದು 19% ಕಮ್ಮಿ, ಪಾದಚಾರಿಗೆ ಗುದ್ದುವುದು 23% ಕಮ್ಮಿ.

ಸಹಿ ಹಾಕುವ ಮುಂಚೆ ಸರ್ವಿಸ್ ಸೆಂಟರಿನ ಬಿಡಿಭಾಗದ ಕೌಂಟರಿನಲ್ಲಿ ಒಂದು ಪೂರ್ತಿ ಹೆಡ್‌ಲೈಟಿನ ರೇಟು ಕೇಳಿ. ಹ್ಯಾಲೊಜೆನ್ ಬಲ್ಬು ಹೋದರೆ ಕೆಲವು ನೂರು ರೂಪಾಯಿ. ಎಲ್‌ಇಡಿ ಕೆಟ್ಟರೆ ಬಹಳಷ್ಟು ಕಾರುಗಳಲ್ಲಿ ಇಡೀ ಲೈಟೇ ಬದಲಿಸಬೇಕು, ಹತ್ತಾರು ಸಾವಿರ. ಮಾಮೂಲಿ ಇನ್ಶೂರೆನ್ಸಿನಲ್ಲಿ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ದುಡ್ಡು ಕಡಿಯುತ್ತಾರೆ, ಹಾಗಾಗಿ ಎಲ್‌ಇಡಿ ತೆಗೆದುಕೊಂಡರೆ ಹಾಗೆ ಕಡಿಯದ 'ಜೀರೊ ಡೆಪ್' ಇನ್ಶೂರೆನ್ಸ್ ಮಾಡಿಸಿ. ಸ್ಟೀರಿಂಗ್ ಪಕ್ಕ ಲೈಟಿನ ಎತ್ತರ ಇಳಿಸುವ ಗುಂಡಿ ಇದೆಯಾ ಅಥವಾ ತಾನಾಗೇ ಹೊಂದಿಕೊಳ್ಳುತ್ತದಾ ಅಂತಲೂ ಕೇಳಿ. ಡಿಕ್ಕಿಯಲ್ಲಿ ಎರಡು ಮೂಟೆ ಬಿದ್ದರೆ ಕಾರಿನ ಮೂತಿ ಮೇಲೇಳುತ್ತದೆ, ಆಗ ಆ ಗುಂಡಿ ತಿರುಗಿಸಿಯೇ ಹೊರಡಬೇಕು.