ಹೊಸ್ತಿಲು ಹುಡುಕಿ, ಆಮೇಲೆ ಎಲಿಮಿನೇಟ್ ಮಾಡಿ

ಅನುವಾದಕ್ಕೆ ಕೈಹಾಕಿದ ಹೊಸತರಲ್ಲಿ, ಕ್ವಾರ್ಟರ್ ಫೈನಲ್‌ನಲ್ಲಿ ಸೋತ ತಂಡವೊಂದನ್ನು ನಾನು ಪಂದ್ಯಾವಳಿಯಿಂದ ‘ನಿರ್ಮೂಲನೆ’ ಮಾಡಿಬಿಟ್ಟಿದ್ದೆ. ಕರಡು ತಿದ್ದುತ್ತಿದ್ದ ಹಿರಿಯರು ಕನ್ನಡಕ ಮೇಲೇರಿಸಿ, ‘ಆಟಗಾರರು ಬದುಕಿದ್ದಾರೆ ತಾನೇ?’ ಎಂದು ಕೇಳಿದರು. ಮೂಲದಲ್ಲಿದ್ದ ಕ್ರಿಯಾಪದ ಎಲಿಮಿನೇಟ್. ಈಗ ಆ ಪದ ಕಂಡರೆ ಮೊದಲು ಹೊಸ್ತಿಲು ಎಲ್ಲಿದೆ ಎಂದು ಹುಡುಕುತ್ತೇನೆ.

ಲ್ಯಾಟಿನ್‌ನಲ್ಲಿ ‘ಲೀಮೆನ್’ ಎಂದರೆ ಹೊಸ್ತಿಲು, ‘ಎಕ್ಸ್’ ಎಂದರೆ ಹೊರಗೆ. ಎರಡೂ ಕೂಡಿ ‘ಎಲಿಮಿನಾರೆ’: ಹೊಸ್ತಿಲಾಚೆ ದಬ್ಬುವುದು. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ಅದರ ಅರ್ಥ ಬಾಗಿಲಾಚೆ ಹಾಕುವುದೇ. ಪ್ರಿಲಿಮಿನರಿ, ಸಬ್ಲಿಮಿನಲ್ ಇದರ ನೆಂಟರು. ಒಂದು ಹೊಸ್ತಿಲಿಗೆ ಮುಂಚಿನದು, ಇನ್ನೊಂದು ಅರಿವಿನ ಹೊಸ್ತಿಲ ಕೆಳಗಿನದು.

ಆದ್ದರಿಂದ ಮೊದಲು ಕೇಳಿಕೊಳ್ಳಿ: ಯಾವ ಮನೆಯಿಂದ ಆಚೆ? ಟೂರ್ನಿಯಿಂದ ತಂಡ, ದೇಹದಿಂದ ಕಲ್ಮಶ, ಪಟ್ಟಿಯಿಂದ ತಪ್ಪು ಉತ್ತರ. ಇಲ್ಲೆಲ್ಲ ‘ಹೊರಬಿತ್ತು’, ‘ಹೊರಹಾಕು’, ‘ಕೈಬಿಡು’ ಸಾಕು. ಡಬ್ಬಿಯ ಮುಚ್ಚಳ ತೆಗೆಯುವುದಕ್ಕೆ ಈ ಪದ ಬೇಡ. ಅದು ಬರಿಯ ರಿಮೂವ್.

ಬೀಜಗಣಿತ ಇದನ್ನು ಚೆನ್ನಾಗಿ ತೋರಿಸುತ್ತದೆ. ಎರಡು ಸಂಖ್ಯೆಗಳ ಮೊತ್ತ 10, ವ್ಯತ್ಯಾಸ 4 ಎನ್ನಿ. ಎರಡು ಸಮೀಕರಣಗಳನ್ನು ಕೂಡಿಸಿದರೆ ಚಿಕ್ಕ ಸಂಖ್ಯೆ ಒಂದರಲ್ಲಿ ಕೂಡಿ, ಇನ್ನೊಂದರಲ್ಲಿ ಕಳೆದು ಮಾಯವಾಗುತ್ತದೆ. ದೊಡ್ಡದರ ಎರಡರಷ್ಟು 14, ಅಂದರೆ ಅದು 7. ಎಲಿಮಿನೇಟ್ ಆದ ಚಿಕ್ಕದು ಸತ್ತಿಲ್ಲ, ಬಾಗಿಲ ಹೊರಗೆ ನಿಂತಿದೆ. ಮೊತ್ತದಿಂದ 7 ಕಳೆಯಿರಿ, 3 ಆಗಿ ಒಳಗೆ ಬರುತ್ತದೆ.

ಹೆಚ್ಚು ಎಡವುವುದು ರೋಗಗಳ ಸುದ್ದಿಯಲ್ಲಿ. ಅಲ್ಲಿ ಎಲಿಮಿನೇಟ್ ಪಕ್ಕದಲ್ಲೇ ಎರಾಡಿಕೇಟ್ ಎಂಬ ಇನ್ನೊಂದು ಕ್ರಿಯಾಪದವೂ ಇರುತ್ತದೆ. ಎರಾಡಿಕೇಟ್‌ನ ಒಳಗಿರುವುದು ಲ್ಯಾಟಿನ್‌ನ ‘ರಾಡಿಕ್ಸ್’, ಅಂದರೆ ಬೇರು; ನಮ್ಮ ನಿರ್ಮೂಲನೆಯೊಳಗಿನ ‘ಮೂಲ’ವೂ ಬೇರೇ. ಜೋಡಿ ಹೇಳಿ ಮಾಡಿಸಿದಂತಿದೆ. ಸಿಡುಬು ಇಡೀ ಭೂಮಿಯಿಂದಲೇ ಹೋಯಿತೆಂದು 1980ರಲ್ಲಿ ಘೋಷಿಸಲಾಯಿತು, ಅದು ನಿರ್ಮೂಲನೆ. 2016ರಲ್ಲಿ ಶ್ರೀಲಂಕಾ ಮಲೇರಿಯಾಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿದ್ದು ಎಲಿಮಿನೇಷನ್. ರೋಗ ಒಂದು ದೇಶದ ಹೊಸ್ತಿಲು ದಾಟಿ ಆಚೆ ಹೋಯಿತು, ಅಷ್ಟೇ. ಹೊರಗಿನ ಸೋಂಕಿತರ ಜೊತೆ ಮರಳಬಹುದಾದ್ದರಿಂದ ಕಾವಲು ತಪ್ಪಿಸುವಂತಿಲ್ಲ. ಕನ್ನಡದ ವರದಿಗಳಲ್ಲಿ ಎರಡಕ್ಕೂ ‘ನಿರ್ಮೂಲನೆ’ ಎಂದೇ ಬರೆಯುವುದನ್ನು ಕಂಡಿದ್ದೇನೆ. ನಾನು ಎರಡನೆಯದಕ್ಕೆ ‘ದೇಶದಿಂದ ತೊಲಗಿಸು’ ಎನ್ನುತ್ತೇನೆ. ಪದ ಒಂದು ಹೆಚ್ಚಾದರೂ ಸರಿ, ದೇಶದ ಹೆಸರು ಬಿಡುವುದಿಲ್ಲ.

ಉಳಿದದ್ದು ಕೊಲೆಯ ಅರ್ಥ. ಪತ್ತೇದಾರಿ ಕಥೆಯ ಖಳ ಒಬ್ಬನನ್ನು ಎಲಿಮಿನೇಟ್ ಮಾಡಿ ಎಂದರೆ ‘ಕೊಲ್ಲಿ’ ಎಂದು ಬರೆಯಬೇಡಿ, ಅವನು ಆ ಮಾತನ್ನು ಬಾಯಿಗೆ ತರಲು ಹೇಸಿದ್ದಾನೆ. ‘ಮುಗಿಸಿಬಿಡಿ’ ಎನ್ನಿ. ಅದೂ ಅಷ್ಟೇ ಕಳ್ಳ ಮಾತು.